ಕೈ ಕಟ್ಟಿಕೊಂಡು ನೋಡಿದ ಲೆನ್ಸು

ಅಂಚೆ ಕಚೇರಿಯಲ್ಲಿ ನನ್ನ ಲಕೋಟೆಗೆ ಗೋಂದು ಹಚ್ಚುತ್ತಿದ್ದೆ. ಪಕ್ಕದಲ್ಲಿ ಅಪ್ಪ, ಮಗಳು. ಅಪ್ಪನ ಕೈಯಲ್ಲಿ ಅಂಚು ಸವೆದ ಲಕೋಟೆ.

"ಹಾಕಪ್ಪಾ. ದೊಡ್ಡಪ್ಪಂಗೆ ಇದನ್ನ ಬರೆದು ವರ್ಷ ಆಯ್ತು."

"ಅವನೂ ನಾನೂ ಜೀವಮಾನವೆಲ್ಲ ಗಾಜು ಉಜ್ಜಿ ಕನ್ನಡಕದ ಲೆನ್ಸು ಮಾಡಿದೋರು ಕಣೇ. ನೀನು ಉಬ್ಬೇ ಇಲ್ಲದ ಚಪ್ಪಟೆ ಲೆನ್ಸು ಮಾಡಿದೀಯ ಅಂದ್ರೆ, ಅದು ಕಿಟಕಿ ಗಾಜು ಕಣೋ ಅಂತಾನೆ."

"ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳಿವೆ, ಅವೇ ಬೆಳಕನ್ನ ಬಗ್ಗಿಸ್ತವೆ ಅಂತ ಬರ್ದಿದ್ದೀಯಲ್ಲ."

"ಬರ್ದೆ. ಮಾರನೇ ದಿನವೇ ಅಭ್ಯಾಸಬಲದಿಂದ ಉಬ್ಬು ನೋಡೋಕೆ ಲೆನ್ಸಿನ ಮೇಲೆ ಹೆಬ್ಬೆರಳು ಎಳೆದು, ನಿನ್ನ ಕಂಬಗಳನ್ನೆಲ್ಲ ನೆಲಸಮ ಮಾಡಿದೆ! ನೀನು ಮತ್ತೆ ಮಾಡೋವರೆಗೂ ಯಾವ ಮುಖ ಇಟ್ಕೊಂಡು ಹಾಕ್ಲಿ?"

"ಮಾಡಿದ್ನಲ್ಲ. ಡಾಕ್ಟರೇಟೂ ಬಂತು. ನಿನ್ನೆ ನೀನೇ ಅದರಲ್ಲಿ ಬೀದಿ ದೀಪ ನೋಡಿದೆ."

"ನೋಡ್ದೆ, ನೋಡ್ದೆ. ಕೈ ಹಿಂದಕ್ಕೆ ಕಟ್ಕೊಂಡು ನೋಡ್ದೆ."

ಮಗಳು ನಕ್ಕಳು. ಅಪ್ಪ ನನ್ನತ್ತ ತಿರುಗಿದರು.

"ಅಮ್ಮಾ, ಒಂಚೂರು ಪೆನ್ನು ಕೊಡ್ತೀರಾ?"

ಕೊಟ್ಟೆ. ಲಕೋಟೆಯ ಬೆನ್ನ ಮೇಲೆ, ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದರು.

"ಅಣ್ಣಾ, ನಮ್ಮನೇಲಿ ಈಗ ಲೆನ್ಸು ಮಾಡೋರು ಮೂರು ಜನ."

ಲಕೋಟೆ ಡಬ್ಬಿಯೊಳಗೆ ಬಿದ್ದ ಸದ್ದಾಯಿತು. ನನ್ನ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೇ ಅವರು ಮಗಳ ಹಿಂದೆ ಹೊರಟುಹೋದರು. ನಾನು ಕೂಗಲಿಲ್ಲ.