ಹೊರೆ ಇಳಿಸುವ ಕಲ್ಲು

ಶ್ರೀಮಂತನೊಬ್ಬನಿದ್ದ, ಊರು ಯಾವುದೆಂದು ಕೇಳಬೇಡಿ, ನಿಮ್ಮದೇ ಅಂದುಕೊಳ್ಳಿ. ಕೆಟ್ಟವನಲ್ಲ, ನೋಡಿ. ಸುಳ್ಳಾಡಿದವನಲ್ಲ, ಯಾರದನ್ನೂ ಕಸಿದವನಲ್ಲ. ಅವನ ಮನೆಯ ಮುಂದೆ, ದಾರಿಯ ಪಕ್ಕ, ಹೆಗಲೆತ್ತರದ ಎರಡು ಕಂಬಗಳ ಮೇಲೆ ಒಂದು ಚಪ್ಪಡಿ ಕಲ್ಲಿತ್ತು. ಸೌದೆ, ಹುಲ್ಲು ಹೊತ್ತು ಬರುವ ಹೆಂಗಸರು ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ಒಂದು ಗಳಿಗೆ ಉಸಿರಾಡಿ, ಮತ್ತೆ ಹೊತ್ತು ಹೋಗುತ್ತಿದ್ದರು.

ಅವನಿಗೆ ಅಂಗಳದಲ್ಲಿ ತುಳಸಿಕಟ್ಟೆ ಕಟ್ಟಿಸುವ ಮನಸ್ಸಾಯಿತು. ಮುಹೂರ್ತ ಕೇಳಿದ, ದಿಕ್ಕು ಕೇಳಿದ, ಅಳತೆ ಕೇಳಿದ. ಚೆಂದದ ಕಲ್ಲೆಂದು ಆ ಚಪ್ಪಡಿಯನ್ನೇ ಕೀಳಿಸಿ ಒಳಗೆ ತಂದ. ದೇವರ ಕೆಲಸ ತಾನೇ? ತಪ್ಪೇನಿದೆ? ಅವನಿಗೂ ಹಾಗೇ ಅನಿಸಿತು.

ಆದರೆ ಹೆಂಡತಿ ಮಂಕಾದಳು. ಸಂಜೆಯಾದರೆ ಬಾಗಿಲಲ್ಲಿ ನಿಂತು ದಾರಿ ನೋಡುವಳು. ಆ ಹೆಂಗಸರು ಅವಳ ತವರಿನ ಕಡೆಯವರು. ಹಾಸಿಗೆ ಹಿಡಿದ ತಾಯಿಯ ಸುದ್ದಿ ಅವಳಿಗೆ ಸಿಗುತ್ತಿದ್ದುದು ಆ ಕಲ್ಲಿನ ಹತ್ತಿರವೇ.

ಒಂದು ಸಂಜೆ ಅವನು ತುಳಸಿಗೆ ದೀಪ ಹಚ್ಚುವಾಗ ಅವಳು ಕೂಗುವುದು ಕೇಳಿತು.

"ದುರ್ಗವ್ವಕ್ಕಾ, ನಮ್ಮವ್ವ ಹೆಂಗದಾಳ? ನಿಂದ್ರ ಸ್ವಲ್ಪ!"

ಹೊರೆ ಹೊತ್ತವಳು ಕತ್ತು ತಿರುಗಿಸಲಿಲ್ಲ. "ನಿಂತು ಹೊರಿ ಎಲ್ಲಿ ಇಳಸ್ಲಿ ತಂಗಿ? ನಿಮ್ಮ ತುಳಸವ್ವನ ತಲಿ ಮ್ಯಾಲ ಇಡ್ಲೇನು? ನಿಮ್ಮವ್ವ ಒಂದು ಮಾತು ಹೇಳಿ ಕಳಿಸ್ಯಾಳ..."

ಉಳಿದದ್ದು ದಾರಿಯ ತಿರುವಿನಲ್ಲಿ ಕರಗಿತು. ದೊಡ್ಡ ಮನೆಯ ಹೆಂಗಸು, ಬೀದಿಗೆ ಓಡುವಂತಿರಲಿಲ್ಲ.

"ನಾ ಏನು ತಪ್ಪು ಮಾಡೀನಿ?" ಎಂದ ಗಂಡ.

"ತಪ್ಪು ಅಂತ ನಾ ಎಲ್ಲಿ ಅಂದೆ? ಎಲ್ಲಾರನ್ನೂ ಕೇಳಿದ್ರಿ. ಹೊರಿ ಹೊರೋರನ್ನ ಕೇಳಿದ್ರೇನ್ರಿ?"

ಅವನು ಬರಿಗಾಲಲ್ಲಿ ಓಡಿದ. ಎರಡೂ ಕೈಯಿಂದ ಆ ಹೊರೆ ಇಳಿಸಿಕೊಂಡ. ತಾಯಿ ಹೇಳಿ ಕಳಿಸಿದ ಮಾತು ಇಷ್ಟೇ: 'ಒಮ್ಮೆ ಮುಖ ತೋರಿಸಿ ಹೋಗಲಿ.' ಹಿಂದೆಯೂ ಆ ಮಾತು ಅದೇ ಮನೆಯ ಮುಂದೆ ಹಾದುಹೋಗಿತ್ತು. ನಿಲ್ಲಲು ಅದಕ್ಕೆ ತಾವಿರಲಿಲ್ಲ. ಕೂಡಲೇ ಬಂಡಿ ಹೂಡಿಸಿದ. ಹೆಂಡತಿ ಹೋಗಿ ತಲುಪಿದಾಗ ತಾಯಿ ಇನ್ನೂ ಬದುಕಿದ್ದಳು. ಬಂದವಳು ಮಗಳೆಂದು ಗುರುತಿಸುವ ಶಕ್ತಿ ಮಾತ್ರ ಅವಳಲ್ಲಿ ಉಳಿದಿರಲಿಲ್ಲ.

ನೋಡಿ, ತಪ್ಪೆಂದು ಗೊತ್ತಿದ್ದರೆ ಮನಸ್ಸು ತಡೆಯುತ್ತದೆ. ಯೋಚಿಸಬೇಕಾದದ್ದು ಇಲ್ಲೊಂದಿದೆ ಎಂದೇ ಕಾಣದಿದ್ದರೆ? ಯಾರು ತಡೆಯಬೇಕು? ನಾಳೆ ನೀವು ಗೇಟು ಹಾಕಿಸುವಿರಿ, ಕೆಲಸದವಳು ಬರುವ ಹೊತ್ತು ಬದಲಿಸುವಿರಿ. ಕಾನೂನು ಕೇಳಿ, ಮುಹೂರ್ತವನ್ನೂ ಕೇಳಿ. ಅದಕ್ಕೆ ಮೊದಲು ಹೊರಗೆ ಬಂದು, ಆ ದಾರಿಯಲ್ಲಿ ನಡೆಯುವ ಒಬ್ಬರನ್ನಾದರೂ ಹೆಸರು ಹಿಡಿದು ಕರೆದು, "ಇದರಿಂದ ನಿನಗೇನಾಗುತ್ತದೆ?" ಎಂದು ಕೇಳಿ. ಉತ್ತರ ಮುಗಿಯುವ ತನಕ ಅಲ್ಲೇ ನಿಂತಿರಿ.