ಲಾರ್ಚ್ ಬೀದಿಯ ಮಾರಾಟ ಮತ್ತು ನಾಲ್ಕು ಡಾಲರಿನ ಕೌದಿ

ವೆಂಡೆಲ್ ಆಸ್ಟ್ರ್ಯಾಂಡರ್, ವಯಸ್ಸು 66, ನಿವೃತ್ತ ಜೀವಶಾಸ್ತ್ರ ಶಿಕ್ಷಕ, ವಾಸ 118, ಲಾರ್ಚ್ ಬೀದಿ, ಹಾಲ್‌ಬ್ರೂಕ್, ಓಹಾಯೋ, ಆದ ನಾನು ಪೊಲೀಸ್ ಅಧಿಕಾರಿಗಳಾದ ತಾವು ವಿಚಾರಿಸಿದ್ದಕ್ಕೆ ತಿಳಿಸುವುದೇನೆಂದರೆ:

ಪಕ್ಕದ 120ನೇ ಮನೆಯಲ್ಲಿ ಟೆಸ್ಸಾ ಲಿಂಡ್‌ಕ್ವಿಸ್ಟ್, ವಯಸ್ಸು 29, ಗಂಡನೊಂದಿಗೆ ಮೂರು ವರ್ಷಗಳಿಂದ ವಾಸವಾಗಿದ್ದಾಳೆ. ಮನೆ ಅವಳ ಅತ್ತೆ ಆಲ್ಮಾ ಅವರ ಹೆಸರಿನಲ್ಲಿದೆ. ಟೆಸ್ಸಾ ನನ್ನ ಹಳೆಯ ವಿದ್ಯಾರ್ಥಿನಿ. ಕಪ್ಪೆ ಕೊಯ್ಯುವ ದಿನ ಅತ್ತವಳು. ನಾನು ಜೀವಶಾಸ್ತ್ರ ಬಿಟ್ಟರೂ ಜೀವ ತಿನ್ನುವುದನ್ನು ಬಿಟ್ಟಿಲ್ಲ ಎಂದು ನನ್ನ ದಿವಂಗತ ಪತ್ನಿ ಹೇಳುತ್ತಿದ್ದುದುಂಟು.

ಈ ದಿನ ಶನಿವಾರ ಟೆಸ್ಸಾ ಮೊದಲ ಬಾರಿಗೆ ಮನೆ ಮುಂದೆ ಹಳೆ ಸಾಮಾನಿನ ಮಾರಾಟ ಇಟ್ಟಿದ್ದಳು. ಬೋರ್ಡಿನಲ್ಲಿ ಎಂಟು ಗಂಟೆ ಎಂದಿತ್ತು. 6.50ಕ್ಕೇ ಮೂರು ಪಿಕಪ್ ಗಾಡಿಗಳು ಬಂದವು. ಅನುಭವಸ್ಥರು ಇಂಥವರನ್ನು ರಸ್ತೆಯಲ್ಲೇ ನಿಲ್ಲಿಸುತ್ತಾರೆ. ಟೆಸ್ಸಾ ಕಾಫಿ ಕೊಟ್ಟಳು.

7.40ಕ್ಕೆ ನಾನು ಹೋದೆ. ರಸ್ತೆಯಂಚಿನಲ್ಲಿ 'ಪುಕ್ಕಟೆ' ಎಂದು ಬರೆದ ರಟ್ಟಿನ ಪೆಟ್ಟಿಗೆಯಲ್ಲಿ, ಅವರ ಮದುವೆಗೆ ನಾನು ಕೈಯಾರೆ ಮಾಡಿಕೊಟ್ಟ ಹಕ್ಕಿಗೂಡು ಒಂದು ಒಂಟಿ ಚಪ್ಪಲಿಯ ಜೊತೆ ಇತ್ತು. ಇದಕ್ಕೆಷ್ಟು ಎಂದು ಕೇಳಲಾಗಿ, "ಅಯ್ಯೋ ಮೇಷ್ಟ್ರೇ, ಫ್ರೀ ಅದು, ತಗೊಂಡ್ಹೋಗಿ. ಯಾರು ಕೊಟ್ರೋ ಏನೋ, ಒಂದು ಹಕ್ಕೀನೂ ಕಾಲಿಡ್ಲಿಲ್ಲ" ಎಂದಳು. ಬೆಲೆ ಕಟ್ಟಲಾಗದ ವಸ್ತು ಎಂದರೆ ಇದೇ ಎಂದು ನಕ್ಕು ತೆಗೆದುಕೊಂಡೆ.

ಅಲ್ಲೇ ಹುಲ್ಲಿನ ಮೇಲೆ ಬಾಣಲೆಗಳ ಕೆಳಗೆ ಒಂದು ಕೌದಿ ಹಾಸಿತ್ತು. ಆಲ್ಮಾ ಅವರು ತೀರಿಕೊಂಡ ಗಂಡನ ಅಂಗಿಗಳನ್ನು ಕತ್ತರಿಸಿ ಹದಿನಾಲ್ಕು ತಿಂಗಳು ಹೊಲಿದು ಸೊಸೆಗೆ ಕೊಟ್ಟದ್ದು. ಚೀಟಿಯಲ್ಲಿ ನಾಲ್ಕು ಡಾಲರ್ ಎಂದಿತ್ತು.

7.52ಕ್ಕೆ ನಾನು ಆಲ್ಮಾ ಅವರಿಗೆ ಫೋನ್ ಮಾಡಿ, ಸೊಸೆಯ ಮಾರಾಟದಲ್ಲಿ ಒಳ್ಳೆಯ ಕೌದಿಯೊಂದಿದೆ, ಬೇಗ ಬನ್ನಿ ಎಂದೆ. ಯಾವ ಕೌದಿ ಎಂದು ಹೇಳಲಿಲ್ಲ. ಏಕೆ ಮಾಡಿದಿರಿ ಎಂದು ತಾವು ಕೇಳಿದಿರಿ. ಹಕ್ಕಿಗೂಡಿಗಾಗಿ.

8.15ಕ್ಕೆ ಆಲ್ಮಾ ಬಂದರು. ಆಗ ದೋಣಿಯ ಮೋಟಾರು ಹೇರಿಕೊಂಡು ಬಂದಿದ್ದ ಒಬ್ಬ ಗಿರಾಕಿ ಕೌದಿಯನ್ನು ಎರಡು ಡಾಲರಿಗೆ ಇಳಿಸಿ, ಎಣ್ಣೆ ಹೀರುತ್ತದೆಯೇ ಎಂದು ವಿಚಾರಿಸುತ್ತಿದ್ದ. "ಚೆನ್ನಾಗಿ ಹೀರತ್ತೆ, ಹಳೇ ಅಂಗಿ ಬಟ್ಟೆ ಅಲ್ವಾ" ಎಂದು ಟೆಸ್ಸಾ ಹೇಳಿದಳು. ಆಲ್ಮಾ ಆರಡಿ ಹಿಂದೆ ನಿಂತಿದ್ದರು.

"ಅದು ನಮ್ಮನೆಯವರ ಅಂಗಿ ಕಣಪ್ಪ, ಕೊಡು" ಎಂದು ಆಲ್ಮಾ ಕೇಳಿದರು. "ದುಡ್ಡು ಕೊಟ್ಟಾಯ್ತಲ್ಲ ಅಜ್ಜಿ, ಇನ್ನು ನಂದೇ" ಎಂದು ಅವನು ಅವರ ಎದುರಿಗೇ ಮೋಟಾರಿಗೆ ಸುತ್ತಿ ಹಗ್ಗ ಬಿಗಿದು ಹೊರಟುಹೋದ.

ಟೆಸ್ಸಾ "ಅತ್ತೆ, ಹೊಲಿಗೆ ಬಿಟ್ಟಿತ್ತು..." ಎನ್ನುವಷ್ಟರಲ್ಲಿ ಆಲ್ಮಾ ಮೇಜಿನ ಮೇಲಿದ್ದ ಬೆಲೆಚೀಟಿ ಒಂದನ್ನು ತೆಗೆದುಕೊಂಡು, ಮೂರು ಮೆಟ್ಟಿಲು ಹತ್ತಿ ಮುಂಬಾಗಿಲಿಗೆ ಅಂಟಿಸಿದರು. "ಇದೂ ಬೇಡ ತಾನೇ? ಸೋಮವಾರ ನಿಮ್ಮ ಹೆಸರಿಗೆ ಬರೆಸೋಣ ಅಂತಿದ್ದೆ" ಎಂದರು. ಗಿರಾಕಿಗಳಲ್ಲಿ ಇಬ್ಬರು ನಕ್ಕರು. ಒಬ್ಬ ಹೆಂಗಸು ಎಷ್ಟು ಕೋಣೆ ಎಂದು ವಿಚಾರಿಸಿದಳು.

8.31ಕ್ಕೆ ಟೆಸ್ಸಾ ಓಡಿಹೋಗಿ ಚೀಟಿ ಕೀಳುವಾಗ ಆಲ್ಮಾ ಮೆಟ್ಟಿಲಿನಿಂದ ಬಿದ್ದರು, ಅವರ ಬಲಗೈ ಮಣಿಕಟ್ಟು ಮುರಿಯಿತು. "ತಳ್ಳಿದ್ಲು, ತಳ್ಳಿಬಿಟ್ಲು" ಎಂದು ಬಿದ್ದಲ್ಲಿಂದಲೇ ಕೂಗಿದರು.

ನಾನು ಇಪ್ಪತ್ತು ಅಡಿ ದೂರದಲ್ಲಿ, ಕನ್ನಡಕ ಧರಿಸಿ ನಿಂತಿದ್ದೆ. ಟೆಸ್ಸಾ ತಳ್ಳಲಿಲ್ಲ. ಆಲ್ಮಾ ನೋಡದೆ ಹಿಂದಕ್ಕೆ ಕಾಲಿಟ್ಟರು. ಟೆಸ್ಸಾ ಅವರ ತೋಳು ಹಿಡಿಯಲು ಹೋದಳು. ಅಂಗಿತೋಳಿನ ಗುಂಡಿ ಮಾತ್ರ ಕೈಗೆ ಬಂತು.

ಇದನ್ನು ನಾನು 8.45ಕ್ಕೇ ಹೇಳಬಹುದಿತ್ತು. ತಾವು ಬಂದು ಅವಳನ್ನು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಾಗ ಅವಳು "ಮೇಷ್ಟ್ರೇ, ನೀವು ನೋಡಿದ್ರಲ್ಲ, ಹೇಳಿ" ಎಂದು ಕೂಗಿದ್ದು ನನಗೆ ಕೇಳಿಸಿತು. ನಾನು ಒಳಗೆ ಹೋಗಿ ಎರಡು ಮೊಟ್ಟೆ ಬೇಯಿಸಿಕೊಂಡು ತಿಂದೆ. 9.35ಕ್ಕೆ ಹೊರಗೆ ಬಂದೆ. ಆಗಲೂ ಅವಳು ಅಳುತ್ತಿದ್ದಳು.

ನಾನು ಕಂಡದ್ದನ್ನು ಹೇಳಿದ ಮೇಲೆ ಈಗ ಅವಳನ್ನು ಬಿಟ್ಟಿದ್ದೀರಿ. ಹೋಗುವಾಗ ನನ್ನ ಕೈ ಹಿಡಿದು, ಮೇಷ್ಟ್ರೇ ನಿಮ್ಮ ಉಪಕಾರ ಮರೆಯಲ್ಲ ಎಂದಳು.

ನಾನು ಹೇಳಿದಂತೆಯೇ ಬರೆದಿದೆ, ಓದಿ ನೋಡಿದ್ದೇನೆ, ಎಲ್ಲವೂ ನಿಜ. ಇದರ ಒಂದು ಪ್ರತಿ ಟೆಸ್ಸಾಗೂ ಹೋಗುತ್ತದೆ ಎಂದು ತಾವು ಈಗ ತಿಳಿಸಿದಿರಿ. ಮೊದಲೇ ತಿಳಿಸಬಹುದಿತ್ತು.

ಸ್ಥಳ: ಹಾಲ್‌ಬ್ರೂಕ್
ದಿನಾಂಕ: 14-6-2025, ಬೆಳಿಗ್ಗೆ 10.20
ಸಹಿ: ವೆಂಡೆಲ್ ಆಸ್ಟ್ರ್ಯಾಂಡರ್