ಕಾಫಿಪುಡಿ ಅಂಗಡಿಯ ಹಿಂದಿನ ಗಲ್ಲಿ

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಕೂತಿದ್ದಾಗ ಒಬ್ಬ ಭಕ್ತರು ಬಂದು ಒಳ್ಳೆಯ ಪ್ರಶ್ನೆ ಕೇಳಿದರು. ‘ಬುದ್ಧಿ, ಎಲ್ಲಾ ಕಡೆ ವ್ಯಾಪಾರ ಬಿದ್ದೋಗಿದೆ. ನಮ್ ಬೀದಿ ಅಂಗಡಿಯೋರು ಬಾಗ್ಲು ಹಾಕೋ ಹಂಗಾಗಿದ್ದಾರೆ. ಅವ್ರಿಗೆ ನಾವು ಏನು ಕೊಡ್ಬೇಕು?’ ಸಂಜೆ ಬನ್ನಿ, ಹೇಳುತ್ತೇನೆ ಎಂದೆ. ಬಂದಿದ್ದಾರೆ, ಎರಡನೇ ಸಾಲಿನಲ್ಲಿ ಕೂತಿದ್ದಾರೆ. ತಿರುಗಿ ನೋಡಬೇಡಿ, ಪಾಪ, ನಾಚಿಕೊಳ್ಳುತ್ತಾರೆ.

ಒಂದು ಊರು ಅಂದುಕೊಳ್ಳಿ. ಆ ಊರಿಗೊಬ್ಬ ಶ್ರೀಮಂತ. ಹೆಸರು ಬೇಡ, ಹೆಸರು ಹೇಳಿದರೆ ನೀವು ಕತೆ ಬಿಟ್ಟು, ಅವನು ಯಾರ ಪೈಕಿ ಅಂತ ಹುಡುಕಲು ಹೊರಡುತ್ತೀರಿ. ಪೇಟೆ ಬೀದಿಯ ಅರ್ಧ ಮಳಿಗೆಗಳು ಅವನವೇ. ಕತೆಯಲ್ಲಿ ಶ್ರೀಮಂತ ಬಂದ ಕೂಡಲೇ ಅವನು ಕೆಟ್ಟವನೆಂದು ನೀವು ತೀರ್ಮಾನ ಮಾಡಿ ಕೂರುತ್ತೀರಿ. ಇವನು ಕೆಟ್ಟವನಲ್ಲ, ಬಹಳ ಒಳ್ಳೆಯವನು. ಹುಟ್ಟಿದಾಗಿನಿಂದ ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ: ಯಾರ ಮನಸ್ಸನ್ನೂ ನೋಯಿಸಿದವನಲ್ಲ. ತೊಂದರೆಯೆಲ್ಲ ಅಲ್ಲೇ ಇತ್ತು.

ಅವನ ಮಳಿಗೆಯೊಂದರಲ್ಲಿ ಕಾಫಿಪುಡಿ ಅಂಗಡಿ. ಗಂಡ ಹೆಂಡತಿ ಇಬ್ಬರೇ. ಗಂಡ ಬೀಜ ಹುರಿಯುತ್ತಾನೆ, ಹೆಂಡತಿ ಪುಡಿ ಮಾಡಿ, ತೂಗಿ, ಬಿಸಿಬಿಸಿ ಪೊಟ್ಟಣ ಕಟ್ಟುತ್ತಾಳೆ. ಬೀಜ ಹುರಿಯುವುದು ಸಣ್ಣ ಕೆಲಸವಲ್ಲ ನೋಡಿ. ಒಲೆಯ ಮೇಲೆ ಡ್ರಮ್ಮು ತಿರುಗುತ್ತಿರುತ್ತದೆ. ತಿರುಗುತ್ತಾ ತಿರುಗುತ್ತಾ ಒಂದು ಘಳಿಗೆಯಲ್ಲಿ ಘಮ್ಮೆಂದು ಪರಿಮಳ ಏಳುತ್ತದೆ. ಆಗ ಇಳಿಸಬೇಕು. ಒಂದು ಮಾತಾಡಿ ಮುಗಿಸುವಷ್ಟು ತಡವಾದರೂ ಬೀಜ ಸೀದಂತೆಯೇ. ಬೇರೆಯವರು ಬೀಜ ತೆಗೆದು ಬಣ್ಣ ನೋಡುತ್ತಾರೆ. ಇವನು ನೋಡುತ್ತಿರಲಿಲ್ಲ. ‘ಮೂಗು ಇರೋನಿಗೆ ಕಣ್ಣು ಯಾಕ್ರೀ?’ ಅನ್ನುತ್ತಿದ್ದ. ನಿಜಕ್ಕೂ ಅಂಥ ಮೂಗು. ಇಡೀ ಪೇಟೆ ಬೀದಿಗೆ ಬೆಳಗಾಗುತ್ತಿದ್ದದ್ದೇ ಅವನ ಡ್ರಮ್ಮಿನ ಪರಿಮಳದಿಂದ.

ಆಮೇಲೆ ಕಷ್ಟದ ಕಾಲ ಬಂತು. ಊರ ಹೊರಗಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಅರ್ಧಕ್ಕಿಳಿಯಿತು. ಕಾಫಿಬೀಜದ ದರ ಏರಿತು. ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡ್ ಪಕ್ಕ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು. ಒಳಗೆ ತಣ್ಣನೆಯ ಗಾಳಿ, ಕಾಫಿಪುಡಿ ಹೊಳೆಯುವ ಪ್ಯಾಕೆಟ್ಟಿನಲ್ಲಿ. ನಮ್ಮವನ ಅಂಗಡಿಗೆ ಬರುವವರು ಕಡಿಮೆಯಾದರು. ‘ಕಾಲ ಸರಿ ಇಲ್ಲ’ ಎಂದ ಅವನು. ‘ಹೌದಪ್ಪ, ಕಾಲ ಸರಿ ಇಲ್ಲ’ ಎಂದಿತು ಊರು. ಅದು ಸುಳ್ಳೇ? ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮ ಶ್ರೀಮಂತ ಸುಮ್ಮನಿದ್ದನೇ? ಇಲ್ಲ. ತಾನಾಗಿಯೇ ಅಂಗಡಿಗೆ ಬಂದು, ‘ಈ ಕಷ್ಟ ಕಳ್ಯೋವರ್ಗೂ ಬಾಡಿಗೆ ಬೇಡ ಕಣಯ್ಯಾ’ ಎಂದ. ಹಬ್ಬಕ್ಕೆ ಇಬ್ಬರಿಗೂ ಬಟ್ಟೆ ಕೊಡಿಸಿದ. ಎಂಥ ದೊಡ್ಡ ಮನಸ್ಸು, ಅಲ್ಲವೇ? ಈಗ ನೀವು ಹೇಳಿ: ಅವನ ಮನೆಗೆ ಕಾಫಿಪುಡಿ ಎಲ್ಲಿಂದ ಬರುತ್ತಿತ್ತು? ಹಾಂ, ಅಲ್ಲಿ ಒಬ್ಬ ತಾಯಿ ನಗುತ್ತಿದ್ದಾರೆ, ಅವರಿಗೆ ಗೊತ್ತಾಯಿತು. ಗಾಜಿನ ಅಂಗಡಿಯಿಂದ! ತೋರಿಕೆಗೆ ನಮ್ಮವನಿಂದ ಕೊಂಡ ಪೊಟ್ಟಣ ಬಿಚ್ಚದೆ ಮೂಲೆಯಲ್ಲಿ ಬಿದ್ದಿರುತ್ತಿತ್ತು.

ಯಾಕೆ? ಯಾಕೆಂದರೆ ಒಂದು ವರ್ಷದಿಂದ ನಮ್ಮವನ ಪುಡಿಯಲ್ಲಿ ಸೀದ ವಾಸನೆ. ಕುಡಿದರೆ ಕಹಿ, ಬಾಯೆಲ್ಲ ಇದ್ದಿಲು. ಊರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಹುರಿಯುವವನು. ‘ಪುಡಿ ಹೇಗಿದೆ?’ ಎಂದು ಅವನು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ. ಹಾಗೆಂದು ಮಾರನೆಯ ವಾರ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಹೋಗಿ ಬರುವಾಗ ಕೈಯಲ್ಲಿ ಆ ಅಂಗಡಿಯ ಚೀಲ. ಅದನ್ನು ಹಿಡಿದು ಪೇಟೆ ಬೀದಿಯಲ್ಲಿ ಬಂದರೆ ಇವನು ನೋಡಿಬಿಡುತ್ತಾನಲ್ಲ? ನೊಂದುಕೊಳ್ಳುತ್ತಾನಲ್ಲ? ಅದಕ್ಕೆ ಎಲ್ಲರೂ ಹಿಂದಿನ ಗಲ್ಲಿ ಹಿಡಿದರು. ಚರಂಡಿ ದಾಟಿ, ಎಮ್ಮೆ ತಪ್ಪಿಸಿ, ಮರ್ಯಾದಸ್ಥರೆಲ್ಲ ಹಿಂದಿನ ಗಲ್ಲಿಯಲ್ಲಿ! ಒಂದು ದಿನ ನಮ್ಮ ಶ್ರೀಮಂತನಿಗೆ ದೇವಸ್ಥಾನದ ಅರ್ಚಕರೇ ಅಲ್ಲಿ ಎದುರಾದರು. ಇಬ್ಬರ ಕೈಯಲ್ಲೂ ಅದೇ ಚೀಲ. ‘ವಾಕಿಂಗ್ ಬಂದಿದ್ದೆ’ ಎಂದ ಇವನು. ‘ನಾನೂ ಅಷ್ಟೇ’ ಎಂದರು ಅರ್ಚಕರು. ನೀವು ನಗುತ್ತಿದ್ದೀರಿ. ನಗಿ, ನಗಿ. ಪೇಟೆ ಬೀದಿಯಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ ಖಾಲಿ ರಸ್ತೆ ನೋಡುತ್ತಾ ಕೂತಿದ್ದಾರೆ.

ಕೊನೆಗೆ ಒಂದು ದಿನ ಅಂಗಡಿಯವನು ಶ್ರೀಮಂತನ ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ‘ಯಜಮಾನ್ರೇ, ಮಳಿಗೆ ಬೇರೆಯೋರಿಗೆ ಕೊಡಿ. ನನ್ ಕೈಲಿ ಇನ್ನಾಗಲ್ಲ. ಡ್ರಮ್ಮು ಗುಜರಿಗೆ ಹಾಕ್ತೀನಿ’ ಎಂದ. ಬೇರೆ ಕೆಲಸ ಗೊತ್ತಿಲ್ಲದವನು ಆ ಮಾತಾಡಬೇಕಾದರೆ ಎದೆ ಎಷ್ಟು ಭಾರವಾಗಿರಬೇಕು, ನೀವೇ ಯೋಚಿಸಿ. ಶ್ರೀಮಂತನ ಕಣ್ಣು ತುಂಬಿತು. ಅಷ್ಟರಲ್ಲಿ ಅವನ ಹೆಂಡತಿ, ಮನೆಗೆ ಬಂದವರನ್ನು ಹಾಗೇ ಕಳಿಸಬಾರದೆಂದು, ಎರಡು ಲೋಟ ಕಾಫಿ ತಂದಿಟ್ಟಳು.

ಅಂಗಡಿಯವನು ಲೋಟ ಎತ್ತಿ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಅವನ ಮುಖ ಅರಳಿತು. ‘ನೋಡಿ ಯಜಮಾನ್ರೇ, ನಮ್ ಪುಡಿ ಕಾಫಿ! ಏನ್ ಕಮ್ಮಿ ಆಗಿದೆ ಹೇಳಿ ಇದ್ರಲ್ಲಿ? ಇಂಥ ಪುಡಿ ಕೊಟ್ಟೂ ಅಂಗಡಿ ಮುಚ್ಬೇಕಾಯ್ತಲ್ಲ!’ ಎಂದ.

ಶ್ರೀಮಂತ ಹೆಂಡತಿಯ ಮುಖ ನೋಡಿದ. ಅದು ಗಾಜಿನ ಅಂಗಡಿಯ ಪುಡಿ. ತನ್ನ ಪುಡಿ ಯಾವುದು, ಪರರದು ಯಾವುದು ಎಂದು ಈ ಮನುಷ್ಯನಿಗೆ ತಿಳಿಯುತ್ತಿಲ್ಲ! ಅವನ ಮೂಗು ಹೋಗಿದೆ, ಮೂಗಿನ ಜೊತೆ ನಾಲಿಗೆಯ ರುಚಿಯೂ. ವಯಸ್ಸಾದ ಹಾಗೆ ಮೆಲ್ಲಮೆಲ್ಲಗೆ, ಅವನಿಗೇ ತಿಳಿಯದಂತೆ ಹೋಗಿದೆ. ಪರಿಮಳ ಬರಲಿ, ಪರಿಮಳ ಬರಲಿ ಎಂದು ಡ್ರಮ್ಮಿನ ಮುಂದೆ ಕಾಯುತ್ತಾನೆ. ಅದು ಅವನಿಗೆ ತಲುಪುವ ಹೊತ್ತಿಗೆ ಬೀಜ ಕರಿಯಾಗಿರುತ್ತದೆ. ಇಷ್ಟೇ ವಿಷಯ.

ಈಗ ಹೇಳಿ, ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ? ‘ಹೌದಪ್ಪ, ನಿನ್ನದೇ ಪುಡಿ, ಕಾಲ ಸರಿ ಇಲ್ಲ’ ಅನ್ನುತ್ತಿದ್ದಿರೋ ಇಲ್ಲವೋ? ಎಷ್ಟು ಸುಲಭ! ಅವನೂ ಸಮಾಧಾನವಾಗಿ ಹೋಗುತ್ತಾನೆ, ನೀವೂ ಒಳ್ಳೆಯವರಾಗಿಯೇ ಉಳಿಯುತ್ತೀರಿ, ಡ್ರಮ್ಮು ಗುಜರಿಗೆ ಹೋಗುತ್ತದೆ. ಆ ಮಾತು ಶ್ರೀಮಂತನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿದ. ನುಂಗಿ ಹೇಳಿದ: ‘ಅಲ್ಲ.’

‘ಏನು ಅಲ್ಲ ಯಜಮಾನ್ರೇ?’

‘ಇದು ನಿನ್ ಪುಡಿ ಅಲ್ಲ ಕಣಯ್ಯಾ. ಬಸ್‌ಸ್ಟ್ಯಾಂಡ್ ಅಂಗಡೀದು. ನಿನ್ ಪುಡಿ ಸೀದೋಗಿರುತ್ತೆ, ಒಂದು ವರ್ಷದಿಂದ. ಅದಕ್ಕೇ ಯಾರೂ ಬರ್ತಿಲ್ಲ. ನಿಂಗೆ ವಾಸ್ನೆ ತಿಳೀತಿಲ್ಲ ಕಣಪ್ಪಾ.’

ಅಂಗಡಿಯವನು ಲೋಟ ಕೆಳಗಿಟ್ಟ. ಆಮೇಲೆ ಎದ್ದು ನಿಂತು ಕೇಳಿದ: ‘ಬಾಡಿಗೆ ಬೇಡ ಅಂದ್ರಿ. ಬಟ್ಟೆ ಕೊಡ್ಸಿದ್ರಿ. ಇದೊಂದು ಮಾತು ಹೇಳೋಕಾಗ್ಲಿಲ್ವಾ ನಿಮ್ಗೆ? ನಾನೇನು ನಿಮ್ಮನ್ನ ಹೊಡೀತಿದ್ನಾ?’ ಅಷ್ಟು ಹೇಳಿ ಹೊರಟೇಬಿಟ್ಟ. ಹೋಗುವಾಗ ಮೇಜಿನ ಮೇಲಿಟ್ಟಿದ್ದ ಬೀಗದ ಕೈಯನ್ನು ತೆಗೆದುಕೊಂಡು ಹೋದ. ಶ್ರೀಮಂತ ಅದನ್ನು ಗಮನಿಸಲಿಲ್ಲ, ನೀವು ಗಮನಿಸಿ. ಜೀವನದಲ್ಲಿ ಮೊದಲ ಸಲ ಒಬ್ಬರ ಮನಸ್ಸು ನೋಯಿಸಿದೆನಲ್ಲ ಎಂದು ಅವನಿಗೆ ಅವತ್ತು ಊಟ ಸೇರಲಿಲ್ಲ.

ಅಂಗಡಿಯವನು ಮನೆಗೆ ಹೋಗಿ ಹೆಂಡತಿಯನ್ನು ಕೂರಿಸಿಕೊಂಡು, ‘ನಿಂಗೂ ಗೊತ್ತಿತ್ತಾ?’ ಎಂದು ಕೇಳಿದ. ಆಕೆ ತಲೆ ತಗ್ಗಿಸಿದಳು. ‘ಬೀಜ ತುಟ್ಟಿ ಆಯ್ತಲ್ಲ, ಕಪ್ಪಗೆ ಹುರಿದ್ರೆ ಡಿಕಾಕ್ಷನ್ ಗಟ್ಟಿ ಕಾಣುತ್ತೆ ಅಂತ ಬೇಕಂತ್ಲೇ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ. ಕೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ’ ಎಂದಳು. ನೋಡಿದಿರಾ? ಊರಿನ ಗಲ್ಲಿ ಬಿಡಿ, ಗಂಡ ಹೆಂಡತಿಯ ನಡುವೆಯೂ ಒಂದು ಹಿಂದಿನ ಗಲ್ಲಿ ಇತ್ತು. ಆಕೆಯ ಮೂಗು ಚೆನ್ನಾಗಿಯೇ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೆ.

ಮಾರನೆಯ ದಿನದಿಂದ ಆಕೆ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಅವನು ತಿರುಗಿಸುವುದು, ಆಕೆ ‘ಇಳ್ಸಿ!’ ಅನ್ನುವುದು. ಜನರ ಕೈಯಲ್ಲಿ ಕಾಸು ಕಡಿಮೆ ಎಂದು ಸಣ್ಣ ಪೊಟ್ಟಣ ಕಟ್ಟಲು ಶುರು ಮಾಡಿದರು. ಎರಡು ದಿನಕ್ಕಾಗುವಷ್ಟು, ಇವತ್ತು ಹುರಿದದ್ದು ಇವತ್ತೇ. ಹೊಳೆಯುವ ಪ್ಯಾಕೆಟ್ಟಿನವರಿಗೆ ಇದು ಸಾಧ್ಯವೇ? ಅವರ ಪುಡಿ ಎಲ್ಲೋ ಹುರಿದು, ಎಲ್ಲೋ ತುಂಬಿ, ಲಾರಿಯಲ್ಲಿ ಬರಬೇಕು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಮುಗಿಸಿ ಮನೆಗೆ ಹೋಗುವಾಗ ಪೊಟ್ಟಣ ಒಯ್ಯತೊಡಗಿದರು. ಅಂಗಡಿಯ ಮುಂದೆ ಒಂದು ಫಿಲ್ಟರು, ನಾಲ್ಕು ಲೋಟ. ಕುಡಿದು ಪುಡಿಯ ತಪ್ಪು ತೋರಿಸಿದವರಿಗೆ ಕೂರಲು ಕುರ್ಚಿ!

ನಮ್ಮ ಶ್ರೀಮಂತನಿಗೆ ಇದೇನೂ ತಿಳಿಯದು. ಮುಖ ತೋರಿಸಲು ಹೆದರಿ ಇನ್ನೂ ಹಿಂದಿನ ಗಲ್ಲಿಯಲ್ಲೇ ಓಡಾಡುತ್ತಿದ್ದ. ಒಂದು ಬೆಳಿಗ್ಗೆ ಚರಂಡಿ ದಾಟಲು ಕಾಲೆತ್ತಿದವನು ಹಾಗೇ ನಿಂತ. ಮನೆಗಳ ಮೇಲಿಂದ ಆ ಹಳೆಯ ಪರಿಮಳ ಬರುತ್ತಿದೆ! ಎದುರಿಗೆ ಅರ್ಚಕರೂ ಮೂಗು ಮೇಲೆತ್ತಿ ನಿಂತಿದ್ದಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೇಟೆ ಬೀದಿಗೆ ತಿರುಗಿದರು. ಅಂಗಡಿಯವನು ಶ್ರೀಮಂತನನ್ನು ಕಂಡ ಕೂಡಲೇ ಆ ಕುರ್ಚಿಯನ್ನು ಒರೆಸಿ ಮುಂದಿಟ್ಟ. ‘ಕೂತ್ಕೊಳ್ಳಿ ಯಜಮಾನ್ರೇ. ಕುಡ್ದು ಹೇಳಿ. ನೀವು ಹೇಳಿದ್ರೇನೇ ನಂಗೆ ಧೈರ್ಯ’ ಎಂದ. ತಿಂಗಳು ಕಳೆಯುವುದರೊಳಗೆ, ‘ಇನ್ಮೇಲೆ ಬಾಡಿಗೆ ತಗೊಳ್ಳಿ’ ಎಂದು ಅವನೇ ಜಗಳ ತೆಗೆದ. ಗಾಜಿನ ಅಂಗಡಿಯೂ ಮುಚ್ಚಲಿಲ್ಲ, ಅದರ ಪಾಡಿಗೆ ಅದು ನಡೆಯಿತು. ಇವರೂ ಬದುಕಿದರು, ತಲೆಯೆತ್ತಿ ಬದುಕಿದರು.

ಕತೆ ಇಷ್ಟೇ. ಈಗ ನಿಮ್ಮ ಕಡೆಗೆ ಬರುತ್ತೇನೆ. ಯಾಕೆ ಕೆಲವರು ಏಳಲು ಕಾಲು ಮಡಚಿಕೊಂಡಿರಿ?

ನಾವು ದಾಕ್ಷಿಣ್ಯವನ್ನು ದಯೆ ಅಂದುಕೊಂಡಿದ್ದೇವೆ. ಎರಡೂ ಒಂದೇ ಅಲ್ಲ. ದಾಕ್ಷಿಣ್ಯದವನು ತನ್ನನ್ನು ಕಾಪಾಡಿಕೊಳ್ಳುತ್ತಾನೆ, ದಯೆ ಇರುವವನು ಎದುರಿನವನನ್ನು ಕಾಪಾಡುತ್ತಾನೆ. ನೀವು ಬಿಟ್ಟುಬಂದ ಟೈಲರ್ ಯಾರು? ತೋಳು ಬಿಗಿ ಹೊಲಿದ ಅಂತ ಒಂದು ಮಾತು ಹೇಳದೆ ಬಿಟ್ಟಿರಲ್ಲ? ನೀವು ಈಗೀಗ ಕಾಲಿಡದ ಆ ಇಡ್ಲಿ ಹೋಟೆಲ್ ಯಾವುದು? ಅವರೆಲ್ಲ ಕಾಲ ಸರಿ ಇಲ್ಲ ಎಂದುಕೊಂಡು ಕೂತಿದ್ದಾರೆ. ನಾಳೆ ಹೋಗಿ. ಮುಂದಿನ ಬೀದಿಯಲ್ಲೇ ಹೋಗಿ. ನಾಲ್ಕು ಜನರೆದುರು ಕೂಗಬೇಡಿ, ಫೋನಿನಲ್ಲಿ ಬರೆದು ಊರಿಗೆಲ್ಲ ಹಂಚಬೇಡಿ. ಪಕ್ಕಕ್ಕೆ ಕರೆದು, ಮೆಲ್ಲಗೆ, ಹೀಗಾಗಿದೆ ಕಣಪ್ಪಾ ಅನ್ನಿ. ಹೇಳಿ ಓಡಿಬರಬೇಡಿ, ಸರಿ ಮಾಡಿದ ಮೇಲೆ ಮತ್ತೆ ಹೋಗಿ ಕೊಳ್ಳಿ. ಹೇಳಿದವನು ಮತ್ತೆ ಹೋಗದಿದ್ದರೆ ಅದು ಬರೀ ದೂರು. ಇನ್ನು ಅಂಗಡಿ ಇಟ್ಟವರೂ ಇಲ್ಲಿದ್ದೀರಿ. ತಪ್ಪು ಹೇಳಲು ಬಂದವರಿಗೆ ಮುಖ ಗಂಟು ಹಾಕಬೇಡಿ. ಒಂದು ಕುರ್ಚಿ ಕೊಡಿ.

ಎರಡನೇ ಸಾಲಿನವರೇ, ಏನು ಕೊಡಬೇಕೆಂದು ಕೇಳಿದಿರಲ್ಲ, ಇದನ್ನು ಕೊಡಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಇವತ್ತು ಹೊರಗೆ ನಿಮಗೆಲ್ಲ ಕಾಫಿ ಇದೆ. ನಮ್ಮ ಊರಿನ ತೇರುಬೀದಿ ತಿರುವಿನಲ್ಲಿ ಸಣ್ಣ ಕಾಫಿಪುಡಿ ಅಂಗಡಿ ಇಟ್ಟಿರುವ ಚನ್ನವೀರಪ್ಪನವರ ಪುಡಿ. ಈ ಕತೆ ಹೇಳಲೇ ಎಂದು ಅವರನ್ನೇ ಕೇಳಿದ್ದೆ. ‘ಹೇಳಿ ಬುದ್ಧಿ, ನಂಗೂ ಯಾರೂ ಇದ್ದದ್ದು ಹೇಳ್ತಿಲ್ಲ, ಅದಕ್ಕೇ ನಾನೂ ಬರ್ತೀನಿ’ ಎಂದರು. ಅಲ್ಲಿ ಕೊಳಗದ ಪಕ್ಕ ನಿಂತಿದ್ದಾರೆ, ಪಕ್ಕದಲ್ಲಿ ಒಂದು ಕುರ್ಚಿಯನ್ನೂ ಹಾಕಿಕೊಂಡಿದ್ದಾರೆ. ಹೇಗಿದೆ ಅಂತ ಕೇಳುತ್ತಾರೆ. ಹಿಂದಿನ ಬಾಗಿಲಿಗೆ ನಾನು ಬೀಗ ಹಾಕಿಸಿದ್ದೇನೆ. ಎಲ್ಲರೂ ಮುಂದಿನ ಬಾಗಿಲಲ್ಲೇ ಹೋಗಿ, ಕುಡಿದು, ಇದ್ದದ್ದನ್ನು ಹೇಳಿ ಮನೆಗೆ ಹೋಗಿ.